ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುಂಚೆ ಕ್ಯಾಬಿನೆಟ್ ಬಿಚ್ಚಿ ನೋಡಿ

ನಮ್ಮ ಅಕ್ಕನ ಮಗ ತುಮಕೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ. ಒಂದು ರಾತ್ರಿ ವಾಟ್ಸಾಪ್‌ನಲ್ಲಿ ಕೇಳಿದ: "ಮಾಮ, ಇಪ್ಪತ್ತು ಸಾವಿರ ಕೂಡಿಸಿಟ್ಟಿದ್ದೀನಿ. ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ?" ಜೊತೆಗೆ ಆರೇಳು ಯೂಟ್ಯೂಬ್ ವಿಡಿಯೊಗಳನ್ನೂ ಕಳಿಸಿದ್ದ. ನಾನು ಯಾವ ಕಾರ್ಡಿನ ಹೆಸರನ್ನೂ ಹೇಳಲಿಲ್ಲ. "ಮೊದಲು ಕ್ಯಾಬಿನೆಟ್‌ನ ಪಕ್ಕದ ಬಾಗಿಲು ಬಿಚ್ಚು. ಒಳಗೆ ಎಸ್‌ಎಂಪಿಎಸ್ ಅಂತ ಎಲ್ಲ ಭಾಗಕ್ಕೂ ಕರೆಂಟ್ ಕೊಡೋ ಡಬ್ಬ ಇರುತ್ತೆ. ಅದರ ಮೇಲೆ ಒಂದು ಚೀಟಿ ಅಂಟಿಸಿರ್ತಾರೆ, ಅದರ ಫೋಟೋ ಕಳಿಸು" ಅಂದೆ.

ಗೇಮ್, ತ್ರೀಡಿ ಚಿತ್ರಗಳನ್ನು ಪರದೆ ಮೇಲೆ ಮೂಡಿಸುವ ಈ ಗ್ರಾಫಿಕ್ಸ್ ಕಾರ್ಡನ್ನು ಕಡಿಮೆ ದುಡ್ಡಿನಲ್ಲಿ ಹುಡುಕುವವರಿಗೆಲ್ಲ ನಾನು ಹೇಳುವುದು ಇದನ್ನೇ. ಐವತ್ತು ಸಾವಿರ, ಲಕ್ಷ ಖರ್ಚು ಮಾಡುವವರು ಕಾರ್ಡ್ ಆರಿಸಿಕೊಂಡು, ಅದಕ್ಕೆ ತಕ್ಕ ಕಂಪ್ಯೂಟರನ್ನೇ ಕಟ್ಟಿಸಿಕೊಳ್ಳುತ್ತಾರೆ. ನಮ್ಮ ಕೈಲಿರುವುದು ಹದಿನೈದು, ಇಪ್ಪತ್ತು, ಹೆಚ್ಚೆಂದರೆ ಮೂವತ್ತು ಸಾವಿರ. ಕಂಪ್ಯೂಟರ್ ಈಗಾಗಲೇ ಮನೆಯಲ್ಲಿದೆ. ಯಾವ ಕಾರ್ಡ್ ಬರಬಹುದು ಅನ್ನುವುದನ್ನು ಆ ಹಳೇ ಡಬ್ಬವೇ ತೀರ್ಮಾನ ಮಾಡಿಬಿಟ್ಟಿರುತ್ತದೆ. ನಾವು ಅದನ್ನು ಓದಿಕೊಳ್ಳಬೇಕು, ಅಷ್ಟೇ.

ಈ ಪ್ರಶ್ನೆ ಈಗ ಜಾಸ್ತಿ ಕೇಳಿಬರುತ್ತಿರುವುದಕ್ಕೆ ಕಾರಣಗಳಿವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್‌ಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಹಾಗಾಗಿ ಕಂಪನಿಗಳು ಹಳೇ ಡೆಸ್ಕ್‌ಟಾಪ್‌ಗಳನ್ನು ರಾಶಿ ರಾಶಿ ಹೊರಗೆ ಹಾಕುತ್ತಿವೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಅವು ರಿಫರ್ಬಿಶ್ಡ್ ಆಗಿ ಮಾರಾಟವಾಗುತ್ತವೆ. ಅಲ್ಲಿಂದ ನಮ್ಮಂಥವರ ಮನೆಗೆ ಬರುತ್ತವೆ. ಅದೇ ತಿಂಗಳು ಗ್ರಾಫಿಕ್ಸ್ ಚಿಪ್ಪು ಮಾಡುವ ಕಂಪನಿ ಎನ್‌ವಿಡಿಯಾ ತನ್ನ ಜಿಟಿಎಕ್ಸ್ 900 ಮತ್ತು 1000 ಸರಣಿಯ ಕಾರ್ಡ್‌ಗಳಿಗೆ ಹೊಸ ಗೇಮ್ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಕೊಡುವುದನ್ನು ನಿಲ್ಲಿಸಿತು. ಇನ್ನು 2028ರವರೆಗೆ ಸುರಕ್ಷತೆಯ ತಿದ್ದುಪಡಿ ಮಾತ್ರ. ಹತ್ತಿರ ಹತ್ತಿರ ಹತ್ತು ವರ್ಷ ಮನೆಮನೆಯಲ್ಲಿ ದುಡಿದ ಜಿಟಿಎಕ್ಸ್ 1050 ಟಿಐ ಕೂಡ ಈ ಪಟ್ಟಿಯಲ್ಲಿದೆ.

ಇದರ ಮೇಲೆ ಮೆಮೊರಿ ಬೆಲೆ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ಪು ಎಷ್ಟಿದ್ದರೂ ಸಾಲುತ್ತಿಲ್ಲ. ಜಗತ್ತಿನ ಬಹುಪಾಲು ಮೆಮೊರಿ ತಯಾರಿಸುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಹೆಚ್ಚು ಲಾಭ ಸಿಗುವ ಕಡೆಗೆ ಅವು ಉತ್ಪಾದನೆ ತಿರುಗಿಸಿವೆ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಬ್ರ್ಯಾಂಡನ್ನೇ ಮುಚ್ಚುವುದಾಗಿ ಹೇಳಿತು. ಮನೆ ಕಂಪ್ಯೂಟರಿಗೆ ರ‍್ಯಾಮ್, ಎಸ್‌ಎಸ್‌ಡಿ ಕೊಳ್ಳುವವರಿಗೆಲ್ಲ ಪರಿಚಯದ ಹೆಸರು ಅದು. ಗ್ರಾಫಿಕ್ಸ್ ಕಾರ್ಡಿನ ಮೇಲೂ ಮೆಮೊರಿ ಚಿಪ್ಪುಗಳೇ ಕೂತಿರುತ್ತವೆ ಅಲ್ವಾ. "ಆರು ತಿಂಗಳು ತಡೆದರೆ ಅಗ್ಗ ಆಗುತ್ತೆ" ಅನ್ನುವ ಹಳೇ ಮಾತನ್ನು ಈ ಸಲ ಧೈರ್ಯವಾಗಿ ಹೇಳಲು ನನಗೆ ಆಗುತ್ತಿಲ್ಲ.

ಈಗ ಎಸ್‌ಎಂಪಿಎಸ್ ವಿಷಯ. ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ಕೆಲವು ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್ ತಂದು ನನ್ನ ಕಂಪ್ಯೂಟರಿಗೆ ಹಾಕಿದೆ. ಕ್ಯಾಬಿನೆಟ್ ಜೊತೆಗೇ ಬಂದಿದ್ದ ಎಸ್‌ಎಂಪಿಎಸ್ ಮೇಲೆ ದಪ್ಪ ಅಕ್ಷರದಲ್ಲಿ 500 ವ್ಯಾಟ್ ಅಂತ ಇತ್ತು. ಅಂಗಡಿಯವರೂ "ಧಾರಾಳವಾಗಿ ಸಾಕು ಸರ್" ಅಂದರು. ವಾರದೊಳಗೆ ಗೇಮ್ ಮಧ್ಯೆ ಕಂಪ್ಯೂಟರ್ ತಾನಾಗೇ ಆಫ್ ಆಗತೊಡಗಿತು. ಮೂರನೇ ವಾರ ಸುಟ್ಟ ವಾಸನೆ ಬಂತು. ಎಸ್‌ಎಂಪಿಎಸ್ ಹೋಯಿತು, ಹೋಗುತ್ತಾ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಯಿತು.

ಆಮೇಲೆ ಆ ಚೀಟಿಯನ್ನು ಸರಿಯಾಗಿ ಓದಿದೆ. ಅದರಲ್ಲಿ 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್ ಅಂತ ಬೇರೆ ಬೇರೆ ಕಾಲಂ ಇರುತ್ತವೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಹೆಚ್ಚುಕಮ್ಮಿ ತಮಗೆ ಬೇಕಾದ ಎಲ್ಲ ಕರೆಂಟನ್ನೂ ಎಳೆಯುವುದು 12 ವೋಲ್ಟ್ ಕಾಲಮ್ಮಿನಿಂದ. ನನ್ನದರಲ್ಲಿ ಅಲ್ಲಿ 18 ಆಂಪಿಯರ್ ಅಂತ ಇತ್ತು. 12ನ್ನು 18ರಿಂದ ಗುಣಿಸಿದರೆ 216 ವ್ಯಾಟ್. ಆರ್‌ಎಕ್ಸ್ 580 ಒಂದಕ್ಕೇ 185 ವ್ಯಾಟ್ ಬೇಕು. ಪ್ರೊಸೆಸರಿಗೆ ಇನ್ನೊಂದು 65 ಸೇರಿಸಿದರೆ 250. ಆ ಪಾಪದ ಡಬ್ಬಕ್ಕೆ ಅದು ಹೊರಲಾರದ ಹೊರೆ. ಮೇಲೆ ದಪ್ಪಗೆ ಬರೆದ 500ನ್ನು ನೋಡಬೇಡಿ. 12 ವೋಲ್ಟ್ ಕೆಳಗಿನ ಆಂಪಿಯರ್ ನೋಡಿ, ಗುಣಿಸಿ. ಅದರಲ್ಲೂ ಒಂದಷ್ಟು ಉಳಿಕೆ ಇಟ್ಟುಕೊಳ್ಳಿ.

ಕಂಪನಿ ಆಫೀಸುಗಳಿಂದ ಬಂದ ಡೆಸ್ಕ್‌ಟಾಪ್‌ಗಳದ್ದು ಬೇರೆ ಕಥೆ. ಅವುಗಳ ಎಸ್‌ಎಂಪಿಎಸ್ ಸಾಮಾನ್ಯವಾಗಿ 180ರಿಂದ 260 ವ್ಯಾಟ್. ಸಣ್ಣದು, ಆದರೆ ಚೀಟಿಯಲ್ಲಿ ಬರೆದಷ್ಟನ್ನು ನಿಜವಾಗಿ ಕೊಡುತ್ತವೆ. ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ ಆರು ಪಿನ್, ಎಂಟು ಪಿನ್ ವೈರ್ ಮಾತ್ರ ಅವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಎಸ್‌ಎಂಪಿಎಸ್ ಬದಲಾಯಿಸೋಣ ಅಂದರೆ ಎಷ್ಟೋ ಮಾದರಿಗಳಲ್ಲಿ ಕನೆಕ್ಟರ್ ಬೇರೆ, ಆಕಾರವೂ ಬೇರೆ. ಮದರ್‌ಬೋರ್ಡಿನ ಸ್ಲಾಟ್ ತಾನೇ ಕೊಡಬಲ್ಲ ಗರಿಷ್ಠ ಶಕ್ತಿ 75 ವ್ಯಾಟ್. ಆ ಮಿತಿಯೊಳಗಿನ ಕಾರ್ಡೇ ಇಂಥ ಡಬ್ಬಕ್ಕೆ ಗತಿ. ಹಾರ್ಡ್ ಡಿಸ್ಕ್ ವೈರಿಗೆ ಅಡಾಪ್ಟರ್ ಸಿಕ್ಕಿಸಿ ಎಂಟು ಪಿನ್ ಮಾಡಿಕೊಡುವವರಿದ್ದಾರೆ. ದಯವಿಟ್ಟು ಬೇಡ. ಅಷ್ಟು ತೆಳುವಾದ ವೈರು ಬಿಸಿಯಾಗಿ ಕರಗಬಹುದು.

ಎಸ್‌ಎಂಪಿಎಸ್ ಆದ ಮೇಲೆ ಕಾರ್ಡಿನ ಮೆಮೊರಿ. ಇಲ್ಲೇ ಜನ ಹೆಚ್ಚು ಮೋಸ ಹೋಗುವುದು. ಮದುವೆ ಮನೆಯ ಅಡುಗೆಯನ್ನು ನೆನೆಸಿಕೊಳ್ಳಿ. ಕಾರ್ಡಿನ ಮುಖ್ಯ ಚಿಪ್ಪು ಅಂದರೆ ಅಡುಗೆ ಭಟ್ಟರ ತಂಡ. ಕಾರ್ಡಿನ ಮೆಮೊರಿ ಅಂದರೆ ಪಕ್ಕದ ಉಗ್ರಾಣ. ಉಗ್ರಾಣದ ಬಾಗಿಲು ಎಷ್ಟು ಅಗಲವೋ ಅಷ್ಟು ಬೇಗ ಸಾಮಾನು ಒಲೆ ಹತ್ತಿರ ಬರುತ್ತದೆ. ಪೆಟ್ಟಿಗೆ ಮೇಲೆ 64 ಬಿಟ್, 128 ಬಿಟ್, 192 ಬಿಟ್ ಅಂತ ಬರೆಯುವುದು ಆ ಬಾಗಿಲಿನ ಅಗಲವನ್ನು. ಉಗ್ರಾಣ ಚಿಕ್ಕದಾದರೆ ಏನಾಗುತ್ತದೆ? ನಡುವೆ ಬೇಳೆ ಮುಗಿಯುತ್ತದೆ, ಪೇಟೆಗೆ ಓಡಬೇಕು. ಆ ಪೇಟೆ ನಿಮ್ಮ ಕಂಪ್ಯೂಟರಿನ ಮಾಮೂಲಿ ರ‍್ಯಾಮ್. ಪೇಟೆಗೆ ಹೋಗುವ ದಾರಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್. ಭಟ್ಟರು ಎಷ್ಟೇ ಚುರುಕಾಗಿದ್ದರೂ ಬೇಳೆ ಬರುವವರೆಗೆ ಕೈಕಟ್ಟಿ ಕೂರಬೇಕು. ಗೇಮ್ ಆಡುವಾಗ ಚಿತ್ರ ತಟ್ಟನೆ ನಿಂತು ಮತ್ತೆ ಓಡುತ್ತದಲ್ಲ, ಎಷ್ಟೋ ಸಲ ಅದಕ್ಕೆ ಕಾರಣ ಇದೇ.

2022ರ ಜನವರಿಯಲ್ಲಿ ಎನ್‌ವಿಡಿಯಾದ ಎದುರಾಳಿ ಕಂಪನಿ ಎಎಂಡಿ ಬಿಟ್ಟ ಆರ್‌ಎಕ್ಸ್ 6500 ಎಕ್ಸ್‌ಟಿ ಇದಕ್ಕೆ ಒಳ್ಳೆಯ ಉದಾಹರಣೆ. 4 ಜಿಬಿ ಮೆಮೊರಿ, 64 ಬಿಟ್ ಬಾಗಿಲು. ಕಾರ್ಡಿನ ಒಳಗೆ ಸೆಕೆಂಡಿಗೆ ಸುಮಾರು 144 ಜಿಬಿ ಸಾಮಾನು ಓಡಾಡುತ್ತದೆ. ಹೊರಗಿನ ದಾರಿಗೆ ಎಎಂಡಿ ಕೊಟ್ಟದ್ದು ನಾಲ್ಕೇ ಲೇನ್. ಹೊಸ ಪಿಸಿಐ ಎಕ್ಸ್‌ಪ್ರೆಸ್ 4.0 ಬೋರ್ಡಿನಲ್ಲಿ ಆ ದಾರಿಯಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ, ಹಳೇ 3.0 ಬೋರ್ಡಿನಲ್ಲಿ ಅದರ ಅರ್ಧ. ಅಗ್ಗದ ಕಾರ್ಡ್ ಹುಡುಕುವವರ ಹತ್ತಿರ ಇರುವುದೇ ಹಳೇ ಬೋರ್ಡ್! ಯಾರಿಗಾಗಿ ಆ ಕಾರ್ಡ್ ಮಾಡಿದರೋ ಅವರ ಕಂಪ್ಯೂಟರಿನಲ್ಲೇ ಅದು ಹೆಚ್ಚು ಕುಂಟಿತು. ಎನ್‌ವಿಡಿಯಾದ ಜಿಟಿಎಕ್ಸ್ 1650ಗೂ 4 ಜಿಬಿಯೇ. 2019ರಲ್ಲಿ ಅದು ಒಳ್ಳೆಯ ಕಾರ್ಡ್. ಇವತ್ತು ಹೊಸ ದುಡ್ಡು ಕೊಟ್ಟು 4 ಜಿಬಿ ಕಾರ್ಡ್ ಕೊಳ್ಳುವುದು ತಪ್ಪು ಅಂತ ನಾನು ನೇರವಾಗಿ ಹೇಳುತ್ತೇನೆ. 1650ರಂಥ ಹಳೇ ಕಾರ್ಡಿಗೆ ಮೆಮೊರಿ ಒಂದೇ ಸಮಸ್ಯೆಯಲ್ಲ. 2025ರಲ್ಲಿ ಬಂದ "ಡೂಮ್: ದಿ ಡಾರ್ಕ್ ಏಜಸ್" ಥರದ ಗೇಮ್‌ಗಳು ರೇ ಟ್ರೇಸಿಂಗ್ (ಬೆಳಕು, ನೆರಳನ್ನು ನಿಜದಂತೆ ಲೆಕ್ಕ ಹಾಕುವುದು) ಮಾಡಬಲ್ಲ ಚಿಪ್ಪು ಇಲ್ಲದಿದ್ದರೆ ಶುರುವೇ ಆಗುವುದಿಲ್ಲ.

ಹೆಸರುಗಳ ಗೊಂದಲಕ್ಕೆ ಕಂಪನಿಗಳೇ ಹೊಣೆ, ಇದರ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ. ಆರ್‌ಟಿಎಕ್ಸ್ 3050 ಅಂತ ಒಂದೇ ಹೆಸರಿನಲ್ಲಿ 8 ಜಿಬಿ ಕಾರ್ಡೂ ಇದೆ, 6 ಜಿಬಿ ಕಾರ್ಡೂ ಇದೆ. ವ್ಯತ್ಯಾಸ ಬರೀ 2 ಜಿಬಿ ಅಂದುಕೊಂಡರೆ ತಪ್ಪು. 6 ಜಿಬಿಯದರಲ್ಲಿ ಕೋರ್‌ಗಳು (ಅಂದರೆ ನಮ್ಮ ಭಟ್ಟರು) 2560ರಿಂದ 2304ಕ್ಕೆ ಇಳಿದಿವೆ, ಬಾಗಿಲು 128ರಿಂದ 96 ಬಿಟ್‌ಗೆ ಕಿರಿದಾಗಿದೆ. ಆರ್‌ಟಿಎಕ್ಸ್ 3060ರಲ್ಲೂ ಹೀಗೇ, 12 ಜಿಬಿಯದು 192 ಬಿಟ್, ಆಮೇಲೆ ಸದ್ದಿಲ್ಲದೆ ಬಂದ 8 ಜಿಬಿಯದು 128 ಬಿಟ್. ಎಲ್ಲಕ್ಕಿಂತ ಕೆಟ್ಟದ್ದು ಜಿಟಿ 1030. ಅದರ ಜಿಡಿಡಿಆರ್5 ಎಂಬ ವೇಗದ ಮೆಮೊರಿಯ ಮಾದರಿಯಲ್ಲಿ ಸೆಕೆಂಡಿಗೆ 48 ಜಿಬಿ ಓಡಾಡಿದರೆ, ಡಿಡಿಆರ್4 ಮಾದರಿಯಲ್ಲಿ 17ಕ್ಕಿಂತ ಕಡಿಮೆ. ಪೆಟ್ಟಿಗೆ ಮೇಲಿನ ಹೆಸರು ಮಾತ್ರ ಒಂದೇ. ಅಂಗಡಿಗಳಲ್ಲಿ ಈಗಲೂ ಕಾಣುವ ಜಿಟಿ 710, ಜಿಟಿ 730 ಬಗ್ಗೆ ಮಾತೇ ಬೇಡ. 2014ರ ಕಾರ್ಡುಗಳವು. ಹೊಸ ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸ್ ಅದಕ್ಕಿಂತ ಚೆನ್ನಾಗಿರುತ್ತದೆ.

ಹಾಗಾದರೆ ನಿಮಗೆ ಕಾರ್ಡ್ ಬೇಕೇ ಬೇಕಾ? ಟ್ಯಾಲಿ, ಎಕ್ಸೆಲ್, ಆನ್‌ಲೈನ್ ಕ್ಲಾಸ್, ಯೂಟ್ಯೂಬ್ ಇಷ್ಟೇ ಆದರೆ ಬೇಡ. ಕಂಪ್ಯೂಟರ್ ನಿಧಾನ ಅನ್ನಿಸುತ್ತಿದ್ದರೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ವ್ಯಾಲರೆಂಟ್ ಥರದ ಗೇಮ್‌ಗೂ ದೊಡ್ಡ ಕಾರ್ಡ್ ಬೇಕಿಲ್ಲ, ಅದು ಕೇಳುವುದು ಪ್ರೊಸೆಸರನ್ನೇ ಜಾಸ್ತಿ. ಜಿಟಿಎ 6ಕ್ಕೆ ಅಂತ ಈಗಲೇ ಕಾರ್ಡ್ ಕೇಳುವ ಹುಡುಗರಿದ್ದಾರೆ. ಅದರ ಕಂಪನಿ ಬಿಡುಗಡೆ ದಿನ ಹೇಳಿರುವುದು ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್‌ಗೆ ಮಾತ್ರ. ಪಿಸಿಗೆ ಬರುವ ಹೊತ್ತಿಗೆ ಯಾವ ಕಾರ್ಡ್ ಎಷ್ಟಕ್ಕಿರುತ್ತದೋ, ಅವತ್ತು ನೋಡೋಣ. ಬ್ಲೆಂಡರ್‌ನಲ್ಲಿ ತ್ರೀಡಿ ಕೆಲಸ ಮಾಡುವವರು, ಮನೆಯಲ್ಲೇ ಸಣ್ಣಪುಟ್ಟ ಎಐ ಮಾಡೆಲ್ ಓಡಿಸಿ ಕಲಿಯುವವರು ಮಾತ್ರ ಸುಮ್ನೆ ಎನ್‌ವಿಡಿಯಾ ತಗೊಳ್ಳುವುದು ಒಳ್ಳೆಯದು. ಆ ಸಾಫ್ಟ್‌ವೇರ್‌ಗಳು ಕಾರ್ಡಿನಿಂದ ಲೆಕ್ಕ ಮಾಡಿಸುವ ಅದರ ಕುಡಾ ವ್ಯವಸ್ಥೆಯ ಮೇಲೆ ಹೆಚ್ಚು ಸಲೀಸಾಗಿ ನಡೆಯುತ್ತವೆ.

ಇನ್ನು ಯಾವ ಡಬ್ಬಕ್ಕೆ ಯಾವುದು. ಆಫೀಸ್ ಡೆಸ್ಕ್‌ಟಾಪ್, ಎಕ್ಸ್‌ಟ್ರಾ ವೈರ್ ಇಲ್ಲ ಅಂದರೆ ಮೇಲೆ ಬೈದ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿಯೇ ನನ್ನ ಆಯ್ಕೆ. ಹೆಸರಿನಲ್ಲಿ ಮಾಡಿದ್ದು ಮೋಸ, ಆದರೆ ಕಾರ್ಡ್ ಕೆಟ್ಟದ್ದಲ್ಲ. 70 ವ್ಯಾಟ್‌ನಲ್ಲಿ ಮುಗಿಯುತ್ತದೆ, ಬಹುತೇಕ ಮಾದರಿಗಳಿಗೆ ಬೇರೆ ವೈರ್ ಬೇಕಿಲ್ಲ. ತೆಳ್ಳನೆಯ ಕ್ಯಾಬಿನೆಟ್‌ಗೆ ಹೊಂದುವ ಗಿಡ್ಡ ಮಾದರಿಯೂ ಸಿಗುತ್ತದೆ. ಡಿಎಲ್‌ಎಸ್‌ಎಸ್ ಸೌಲಭ್ಯ ಇದೆ. ಅಂದರೆ ಚಿತ್ರವನ್ನು ಚಿಕ್ಕದಾಗಿ ಬರೆದು, ಆಮೇಲೆ ಬುದ್ಧಿವಂತಿಕೆಯಿಂದ ಹಿಗ್ಗಿಸಿ ತೋರಿಸುತ್ತದೆ. ಕಡಿಮೆ ಶಕ್ತಿಯ ಕಾರ್ಡಿಗೆ ಇದು ದೊಡ್ಡ ಆಸರೆ.

450-550 ವ್ಯಾಟ್‌ನ ಒಳ್ಳೆಯ ಎಸ್‌ಎಂಪಿಎಸ್ ಇದ್ದು, ಬೋರ್ಡ್ ಮಾತ್ರ ಹಳೆಯದಾದರೆ ಆರ್‌ಎಕ್ಸ್ 6600 ನೋಡಿ. 2021ರ ಕಾರ್ಡ್, 8 ಜಿಬಿ, 132 ವ್ಯಾಟ್. ಸಾಮಾನ್ಯ 1080ಪಿ (ಫುಲ್ ಎಚ್‌ಡಿ) ಮಾನಿಟರಿಗೆ ಇವತ್ತಿಗೂ ಗಟ್ಟಿ. ಒಂದು ಅಳುಕಿದೆ. 2025ರ ಕೊನೆಗೆ ಎಎಂಡಿ ತನ್ನ ಆರ್‌ಎಕ್ಸ್ 5000 ಮತ್ತು 6000 ಸರಣಿಗಳ ಡ್ರೈವರನ್ನು ಬೇರೆ ಕವಲಿಗೆ ಹಾಕಿತು. ಜನ ಕೂಗಾಡಿದ ಮೇಲೆ, ಹೊಸ ಗೇಮ್‌ಗಳಿಗೆ ಬೆಂಬಲ ಮುಂದುವರಿಯುತ್ತದೆ ಅಂದಿತು. ಅದಕ್ಕೇ ಬೆಲೆ ಚೆನ್ನಾಗಿ ಇಳಿದಿದ್ದರೆ ಮಾತ್ರ ತಗೊಳ್ಳಿ. ಇಲ್ಲದಿದ್ದರೆ 2025ರ ಆರ್‌ಟಿಎಕ್ಸ್ 5050 ಅಥವಾ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 4060 ಸರಿ. 4060 ಬರೀ 115 ವ್ಯಾಟ್‌ನಲ್ಲಿ ಕೆಲಸ ಮಾಡುತ್ತದೆ, ನನಗೆ ಬಹಳ ಇಷ್ಟವಾದ ಕಾರ್ಡ್.

ಇಂಟೆಲ್‌ನ ಆರ್ಕ್ ಬಿ580 ಬಗ್ಗೆ ವಿಡಿಯೊಗಳಲ್ಲಿ ತುಂಬಾ ಹೊಗಳಿಕೆ ಕೇಳುತ್ತೀರಿ. 249 ಡಾಲರಿಗೆ 12 ಜಿಬಿ, 192 ಬಿಟ್. ಹೊಗಳಿಕೆ ನ್ಯಾಯವಾದದ್ದೇ. ಆದರೆ ಅದಕ್ಕೆ ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೇ ತಲುಪಲು ಬಿಡುವ ರಿಸೈಜಬಲ್ ಬಾರ್ ಎಂಬ ಸೌಲಭ್ಯ ಇರುವ ಬೋರ್ಡ್ ಬೇಕು. ಇಂಟೆಲ್ ಹೇಳುವುದು ತನ್ನ ಹತ್ತನೇ ತಲೆಮಾರು ಅಥವಾ ರೈಜೆನ್ 3000 ಮತ್ತು ಆಮೇಲಿನವು. ಹಳೇ ಪ್ರೊಸೆಸರ್ ಜೊತೆ ಹಾಕಿದರೆ ಅದರ ವೇಗ ಬೇರೆ ಕಾರ್ಡ್‌ಗಳಿಗಿಂತ ಹೆಚ್ಚು ಬೀಳುತ್ತದೆ. ವಿಡಿಯೊದಲ್ಲಿ ಪರೀಕ್ಷೆ ಮಾಡುವವರ ಮೇಜಿನ ಮೇಲೆ ಇರುವುದು ಸಾಮಾನ್ಯವಾಗಿ ಹೊಚ್ಚಹೊಸ, ದುಬಾರಿ ಪ್ರೊಸೆಸರ್ ಅನ್ನುವುದನ್ನು ಮರೆಯಬೇಡಿ. ಹೊಸ ಬೋರ್ಡೇ ನಿಮ್ಮ ಹತ್ತಿರ ಇದ್ದು, ಐದು ವರ್ಷ ಓಡಬೇಕು ಅಂದರೆ ಬಿ580 ಒಳ್ಳೆಯದು. ಬಜೆಟ್ ಹಿಗ್ಗಿದರೆ ಆರ್‌ಎಕ್ಸ್ 9060 ಎಕ್ಸ್‌ಟಿಯ 16 ಜಿಬಿ ಮಾದರಿ. 8 ಜಿಬಿ ಮಾದರಿಗೂ ಅದಕ್ಕೂ ಬಿಡುಗಡೆ ಬೆಲೆಯಲ್ಲಿ ಇದ್ದ ಅಂತರ 50 ಡಾಲರ್.

ಡಾಲರ್ ಬೆಲೆ ನೋಡಿ "ಇಲ್ಲಿ ಯಾಕೆ ಇಷ್ಟು?" ಅಂತ ಬೇಸರ ಪಡುವವರಿಗೆ ಒಂದು ಲೆಕ್ಕ. ಅಮೆರಿಕದ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. 249 ಡಾಲರ್, ಡಾಲರಿಗೆ 88 ರೂಪಾಯಿ ಹಿಡಿದರೆ 21,912. ಅದರ ಮೇಲೆ ಶೇ 18 ಜಿಎಸ್‌ಟಿ ಹಾಕಿದರೆ 25,850 ದಾಟುತ್ತದೆ. ಆಮದು ಮಾಡಿಕೊಂಡವರ, ಅಂಗಡಿಯವರ ಪಾಲು ಇನ್ನೂ ಬೇರೆ. 27-28 ಸಾವಿರ ಹೇಳಿದರೆ ಅನ್ಯಾಯ ಅನ್ನಲಾಗದು. 35 ಹೇಳಿದರೆ ಇನ್ನೊಂದು ಅಂಗಡಿಗೆ ಹೋಗಿ.

ಸೆಕೆಂಡ್ ಹ್ಯಾಂಡ್ ಬೇಡ ಅಂತ ನಾನು ಹೇಳುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಡಿಜಿಟಲ್ ಹಣ ತನ್ನ ವ್ಯವಸ್ಥೆ ಬದಲಾಯಿಸಿದ ಮೇಲೆ ಅದರ ಮೈನಿಂಗ್ (ಗ್ರಾಫಿಕ್ಸ್ ಕಾರ್ಡಿನಿಂದ ಲೆಕ್ಕ ಮಾಡಿಸಿ ಆ ಹಣ ಗಳಿಸುವುದು) ನಿಂತು, ಹಗಲೂರಾತ್ರಿ ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಮೈನಿಂಗ್ ಕಾರ್ಡ್ ಅಂದರೆ ಸತ್ತ ಕಾರ್ಡ್ ಅಂತಲ್ಲ. ಅವುಗಳಲ್ಲಿ ಸವೆಯುವುದು ಮುಖ್ಯವಾಗಿ ಫ್ಯಾನ್, ಒಣಗುವುದು ಚಿಪ್ಪಿಗೆ ಹಚ್ಚಿದ ಪೇಸ್ಟ್ ಮತ್ತು ಪ್ಯಾಡ್. ಹೆಚ್ಚು ಭಯಪಡಬೇಕಾದ್ದು ನಕಲಿಗೆ. ತೀರಾ ಹಳೇ ಜಿಟಿಎಸ್ 450 ಚಿಪ್ಪಿನ ಕಾರ್ಡಿಗೆ ಜಿಟಿಎಕ್ಸ್ 1050 ಟಿಐ ಅಂತ ತೋರಿಸುವ ಹಾಗೆ ಬಯೋಸ್ (ಕಾರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ತಿದ್ದಿ ಮಾರಿದ್ದಾರೆ. ಆರ್‌ಎಕ್ಸ್ 580ರಲ್ಲಿ 2048 ಎಸ್‌ಪಿ ಅಂತ ಒಂದಿದೆ. ಅದು ಚೀನಾ ಮಾರುಕಟ್ಟೆಗೆ 2018ರಲ್ಲಿ ಬಂದದ್ದು, ಒಳಗಿರುವುದು ಆರ್‌ಎಕ್ಸ್ 570ರ ಲೆಕ್ಕದ ಚಿಪ್ಪು. 2048 ಅಂದರೆ ಕೋರ್‌ಗಳ ಸಂಖ್ಯೆ, ನಿಜವಾದ 580ರಲ್ಲಿ 2304 ಇರಬೇಕು. ಜಿಪಿಯು-ಝಡ್ ಎಂಬ ಉಚಿತ ಸಾಫ್ಟ್‌ವೇರ್ ಈ ಅಂಕಿಯನ್ನು ತೋರಿಸುತ್ತದೆ, ಎನ್‌ವಿಡಿಯಾ ನಕಲಿಯಾದರೆ ಫೇಕ್ ಅಂತಲೇ ಬರೆಯುತ್ತದೆ. ಮಾರುವವರ ಮುಂದೆಯೇ ಅದನ್ನು ಓಡಿಸಿ. ಆಮೇಲೆ ಅರ್ಧ ಗಂಟೆ ಒಂದು ಭಾರಿ ಗೇಮ್ ಓಡಿಸಿ ಶಾಖ ನೋಡಿ. ಅರ್ಧ ಗಂಟೆ ಕೂರಲು ಒಪ್ಪದವರ ಹತ್ತಿರ ಕೊಳ್ಳಬೇಡಿ. ಮೂಲ ಬಿಲ್ ಇದ್ದು, ವಾರಂಟಿ ಇನ್ನೊಂದು ವರ್ಷವಾದರೂ ಉಳಿದಿದ್ದರೆ ಸಾವಿರ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಕರೆಂಟ್ ಬಿಲ್ಲಿನ ಮಾತೂ ಇದೆ. 185 ವ್ಯಾಟಿನ ಹಳೇ ಕಾರ್ಡಿಗೂ 70 ವ್ಯಾಟಿನದಕ್ಕೂ 115 ವ್ಯಾಟ್ ವ್ಯತ್ಯಾಸ. ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ ಹತ್ತು ಯೂನಿಟ್ ಮೇಲೆ. ಗೃಹಜ್ಯೋತಿಯ 200 ಯೂನಿಟ್ ಗಡಿಯ ಹತ್ತಿರ ಇರುವ ಮನೆಗಳಲ್ಲಿ ಆ ಹತ್ತು ಯೂನಿಟ್ಟೇ ಪೂರ್ತಿ ಬಿಲ್ ತಂದಿಡಬಹುದು. ಮನೆಯಲ್ಲಿ 600 ವಿಎ ಯುಪಿಎಸ್ ಇದ್ದರೆ ಅದು ಸಾಮಾನ್ಯವಾಗಿ ತಡೆಯುವುದು 360 ವ್ಯಾಟ್. ಮಾನಿಟರನ್ನೂ ಸೇರಿಸಿ ಲೆಕ್ಕ ಹಾಕಿ.

ಮಾನಿಟರ್ ಅಂದಾಗ ನೆನಪಾಯಿತು. ಹಳೇ ಮಾನಿಟರ್‌ಗಳಲ್ಲಿ ನೀಲಿ ಬಣ್ಣದ ವಿಜಿಎ ಒಂದೇ ಇರುತ್ತದೆ. ಹೊಸ ಕಾರ್ಡುಗಳಲ್ಲಿ ಅದು ಇಲ್ಲ, ಸಾಮಾನ್ಯವಾಗಿ ಎಚ್‌ಡಿಎಂಐ ಮತ್ತು ಡಿಸ್‌ಪ್ಲೇ ಪೋರ್ಟ್ ಮಾತ್ರ. ಕನ್ವರ್ಟರ್ ಬೇಕಾಗುತ್ತದೆ. ಕಾರ್ಡ್ ಹಾಕಿಸಿಯೂ ಕೇಬಲನ್ನು ಮದರ್‌ಬೋರ್ಡಿಗೇ ಸಿಕ್ಕಿಸಿ "ಏನೂ ಬದಲಾಗಲಿಲ್ಲ" ಅನ್ನುವವರೂ ಇದ್ದಾರೆ. ಕೇಬಲ್ ಕಾರ್ಡಿಗೇ ಹೋಗಬೇಕು.

ತುಮಕೂರಿನ ಹುಡುಗ ಮರುದಿನ ಫೋಟೋ ಕಳಿಸಿದ. ಎಂಟನೇ ತಲೆಮಾರಿನ ಐ5, ಆಫೀಸಿನ ಟವರ್ ಮಾದರಿ. 260 ವ್ಯಾಟ್ ಎಸ್‌ಎಂಪಿಎಸ್, ಆರು ಪಿನ್ ವೈರ್ ಇಲ್ಲ. ರ‍್ಯಾಮ್ ಒಂದೇ ಕಡ್ಡಿ, 8 ಜಿಬಿ. ಶಾಲೆಯ ಸ್ಕೇಲ್ ಇಟ್ಟು ಕಾರ್ಡಿನ ಜಾಗವನ್ನೂ ಅಳೆದಿದ್ದ. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದದ್ದು ಬಿ580. ಅದು 190 ವ್ಯಾಟ್, ಮೇಲೆ ಬಜೆಟ್ಟೂ ಮೀರುತ್ತದೆ. 3050ರ 6 ಜಿಬಿ ಅವನ ದುಡ್ಡಿನೊಳಗೆ ಬಂತು. ಉಳಿದದ್ದರಲ್ಲಿ ಸೆಕೆಂಡ್ ಹ್ಯಾಂಡ್ 8 ಜಿಬಿ ರ‍್ಯಾಮ್ ಕಡ್ಡಿ ಹುಡುಕಿಸಿದೆ, ಎರಡು ಕಡ್ಡಿ ಜೋಡಿಯಾದರೆ ಪ್ರೊಸೆಸರಿಗೂ ಉಸಿರಾಡಲು ಜಾಗ ಸಿಗುತ್ತದೆ. ಹೋದ ಭಾನುವಾರ ವಿಡಿಯೊ ಕಾಲ್‌ನಲ್ಲಿ ಅವನೇ ಕಾರ್ಡ್ ಕೂರಿಸಿದ. ಸ್ಲಾಟಿನ ತುದಿಯ ಪ್ಲಾಸ್ಟಿಕ್ ಕೊಂಡಿ ಟಕ್ ಅಂದಾಗ ಅಕ್ಕ ಹಿಂದಿನಿಂದ "ಮುರೀತೇನೋ?" ಅಂತ ಕೂಗಿದಳು. "ಇಲ್ಲಮ್ಮ, ಕೂತ್ಕೊಳ್ತು" ಅಂದ.